ಮಾವನ ಕೈ ನಿಂತ ಕಥೆ

ನಮ್ಮ ಮಾವನಿಗೆ ಸಿಟ್ಟು ಬರುತ್ತಿದ್ದದ್ದು ಎರಡೇ ವಿಷಯಕ್ಕೆ. ಗಾಜಿನ ಮೇಲೆ ಒಮ್ಮೆ ಎಳೆದ ಗೀರಿನ ಮೇಲೆ ಯಾರಾದರೂ ಇನ್ನೊಮ್ಮೆ ಎಳೆದರೆ. ಪ್ರಾರ್ಥನೆಯ ನಡುವೆ ಯಾರಾದರೂ ಕೆಮ್ಮಿದರೆ. ಕೆಮ್ಮು ಬಂದರೆ ಮನುಷ್ಯ ಏನು ಮಾಡಬೇಕು ಮಾವ ಎಂದು ನಾನೊಮ್ಮೆ ಕೇಳಿದ್ದೆ. "ಮನೇಲೇ ಕೆಮ್ಮಿ ಮುಗಿಸ್ಕೊಂಡು ಬರಬೇಕು" ಎಂದಿದ್ದರು. ತಮಾಷೆಗೆ ಹೇಳಿದ್ದಲ್ಲ. ಅವರು ತಮಾಷೆ ಮಾಡಿದ್ದು ನನಗೆ ನೆನಪಿರುವುದು ಒಂದೇ ಸಲ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಅವರದು ಗಾಜಿನಂಗಡಿ. ಕಿಟಕಿಗೆ ಗಾಜು, ಕಪಾಟಿಗೆ ಗಾಜು, ಕನ್ನಡಿ, ಫೋಟೋಗೆ ಕಟ್ಟು. ಕಟ್ಟು ಹಾಕುವುದು ನನ್ನ ಕೆಲಸ, ಗಾಜು ಕೊಯ್ಯುವುದು ಅವರದು. ನನ್ನ ತಾಯಿ ಅವರ ಅಕ್ಕ. ಆಕೆ ತೀರಿಕೊಂಡ ಮೇಲೆ ನಾನು ಮಾವನ ಮನೆಯಲ್ಲೇ ಬೆಳೆದು, ಮಾವನ ಅಂಗಡಿಯಲ್ಲೇ ಕೆಲಸ ಕಲಿತು, ಕಡೆಗೆ ಮಾವನ ಮೇಲೆಯೇ ದರ್ಬಾರು ಮಾಡುವ ಮಟ್ಟಕ್ಕೆ ಬಂದವಳು. ತಲೆಯಲ್ಲಿ ಬಿಳಿಕೂದಲು ಇಣುಕುತ್ತಿದ್ದರೂ ಅವರಿಗೆ ನಾನು ಪುಟ್ಟಿಯೇ.

ಗಾಜು ಕೊಯ್ಯುವಾಗ ಅವರನ್ನು ನೋಡಬೇಕಿತ್ತು. ದಪ್ಪ ಹಸಿರು ಬಟ್ಟೆ ಹಾಸಿದ ಉದ್ದನೆಯ ಮೇಜು. ಅದರ ಮೇಲೆ ಗಾಜನ್ನು ಮಲಗಿಸಿ, ಒರೆಸಿ, ಮರದ ಪಟ್ಟಿ ಇಟ್ಟು, ಉಸಿರು ಹಿಡಿದು, ಕಟ್ಟರನ್ನು ಆ ತುದಿಯಿಂದ ಈ ತುದಿಗೆ ಎಳೆಯುತ್ತಿದ್ದರು. ಸರ್ರ್ ಎಂದು ಒಂದೇ ದನಿ. ಆಮೇಲೆ ಗಾಜನ್ನು ಮೇಜಿನ ಅಂಚಿಗೆ ತಂದು ಮೆಲ್ಲಗೆ ಒತ್ತಿದರೆ ಟಪ್ ಎಂದು ಗೀರಿನುದ್ದಕ್ಕೂ ಬಿಸ್ಕತ್ತಿನಂತೆ ಬಿಟ್ಟುಕೊಳ್ಳುತ್ತಿತ್ತು. "ಒಂದೇ ಎಳೆತ ಪುಟ್ಟಿ. ಬಂತಾ, ಬಂತು. ತಪ್ತಾ, ಈ ಗಾಜು ಹೋಯ್ತು ಅಂತ ಒಪ್ಕೊಂಡುಬಿಡಬೇಕು. ಅದರ ಮೇಲೇ ಮತ್ತೆ ಎಳೆದ್ರೆ ಗಾಜೂ ಹಾಳು, ಕಟ್ಟರೂ ಹಾಳು." ಈ ಪಾಠವನ್ನು ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ.

ಕೈ ಅಂದರೆ ಗಾಜಿನ ಮಾವನ ಕೈ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು. ಮಾವ ಕೇಳಿಸದವರಂತೆ ಇರುತ್ತಿದ್ದರು. ಮನೆಗೆ ಬಂದು ಅತ್ತೆಯ ಮುಂದೆ ಮಾತ್ರ "ಸುಮ್ಮನೆ ಏನೇನೋ ಹೊಗಳ್ತಾರೆ ಕಣೇ" ಎಂದು ದೂರು ಹೇಳುವವರ ಹಾಗೆ ಇಡೀ ಹೊಗಳಿಕೆಯನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದರು. ಅವರಿಗಿದ್ದ ಅಹಂಕಾರ ಅದೊಂದೇ, ಅದೂ ಬಲಗೈಯಲ್ಲಿ ಮಾತ್ರ.

ಭಕ್ತಿಯಲ್ಲೂ ಅವರದು ಸದ್ದಿಲ್ಲದ ಬಗೆ. ಭಾನುವಾರ ಚರ್ಚಿನ ಸಭೆಯಲ್ಲಿ ಗೋಡೆ ಪಕ್ಕದ ಬೆಂಚಿನ ತುದಿಗೆ ಕೂತು, ತುಟಿ ಮಾತ್ರ ಅಲುಗಿಸಿ ಹಾಡಿ, ಮುಗಿದ ಮೇಲೆ ಬೆಂಚುಗಳನ್ನು ನೇರ ಮಾಡಿ ಬರುವವರು. ಇಬ್ಬರಿಗೂ ಸೇರಿಸಿ ಗಂಟಲು ಬಿಚ್ಚಿ ಹಾಡುವ ಕೆಲಸವನ್ನು ಅತ್ತೆ ವಹಿಸಿಕೊಂಡಿದ್ದರು.

ಆ ಬಲಗೈ ಒಂದು ದಿನ ಮಾವನಿಗೇ ಕೈಕೊಟ್ಟಿತು. ಮೊದಲು ಹೆಬ್ಬೆರಳು ಸಣ್ಣಗೆ ಅದುರುತ್ತಿತ್ತು. ಟೀಯಿಂದ ಎಂದರು, ಟೀ ಬಿಟ್ಟರು. ಫ್ಯಾನಿನ ಗಾಳಿಗೆ ಎಂದರು, ಫ್ಯಾನು ಆರಿಸಿ ನಾವೆಲ್ಲ ಬೆವರಿದೆವು. ಕಟ್ಟರು ಮೊಂಡಾಗಿದೆ ಎಂದರು, ಹೊಸದು ತಂದರು. ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಕಣ್ಣೆದುರಿಗೇ ಗೀರು ಹಾವಿನ ಹಾಗೆ ಸೊಟ್ಟಗೆ ಹೋಗಿ, ದೊಡ್ಡ ಗಾಜು ಅಡ್ಡಾದಿಡ್ಡಿ ಸೀಳಿತು. ಗಿರಾಕಿ ಒಳ್ಳೆಯವರು, ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದನ್ನೇ ಮಾವನಿಗೆ ತಡೆಯಲಾಗಲಿಲ್ಲ. ಚೂರುಗಳನ್ನು ಬರಿಗೈಯಲ್ಲಿ ಬಳಿಯಲು ಹೋಗಿ ಬೆರಳು ಕುಯ್ದುಕೊಂಡರು.

ಇದು ನರದ ಕಾಯಿಲೆ, ಪೂರ್ತಿ ಹೋಗುವಂಥದ್ದಲ್ಲ, ಮಾತ್ರೆಯಿಂದ ಸ್ವಲ್ಪ ಹಿಡಿತಕ್ಕೆ ಬರಬಹುದು ಎಂದು ಡಾಕ್ಟರು ಹೇಳಿದರು. ಮಾವ ಬೈಸಿಕೊಂಡವರ ಹಾಗೆ ನೆಲ ನೋಡುತ್ತಾ ಕೂತಿದ್ದರು.

ಅಂದಿನಿಂದ ಕಟ್ಟರು ನನ್ನ ಕೈಗೆ ಬಂತು. ಮಾವ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಗಿರಾಕಿ ಬಂದರೆ ಬಲಗೈಯನ್ನು ಆ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತಿದ್ದರು. "ಏನ್ರೀ, ಇವರ ಕೈಗೆ ಕೊಟ್ಬಿಟ್ರಾ?" ಎಂದು ಯಾರಾದರೂ ಕೇಳಿದರೆ "ಕಲೀಲಿ ಅಂತ" ಎನ್ನುತ್ತಿದ್ದರು. ನಾನು ಕಲಿತು ಯಾವ ಕಾಲವಾಗಿತ್ತೋ! ಮನೆಯಲ್ಲಿ ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಅವರ ಅಂಗಿಯ ಗುಂಡಿ ಹಾಕುತ್ತಿದ್ದರು. ನನಗೆ ಗೊತ್ತು ಎಂಬುದು ಅವರಿಗೂ ಗೊತ್ತಿತ್ತು. ಆದರೂ ಬಾಗಿಲು ಹಾಕುತ್ತಿದ್ದರು.

ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಮಾವ ಕನ್ನಡಿಗಳನ್ನು ಒರಗಿಸಿದ್ದ ಮೂಲೆಗೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದರು. ಕದ್ದು ಕೇಳುವುದು ತಪ್ಪು, ಆದರೆ ನಮ್ಮದು ಚಿಕ್ಕ ಅಂಗಡಿ. ಅವರದು ಉದ್ದನೆಯ ಪ್ರಾರ್ಥನೆ ಆಗಿರುತ್ತಿರಲಿಲ್ಲ. "ತಂದೇ, ನಿಲ್ಸು. ಇದೊಂದು ನಿಲ್ಸು." ಅಷ್ಟೇ.

ಹೀಗಿರುವಾಗ ಪರಸ್ಥಳದಿಂದ ಒಬ್ಬ ಬೋಧಕರು ನಮ್ಮ ಸಭೆಗೆ ಬಂದರು. ರೋಗಿಗಳಿಗಾಗಿ ವಿಶೇಷ ಪ್ರಾರ್ಥನೆ ಎಂದು ಪ್ರಚಾರವಾಗಿತ್ತು. ಕೂರಲು ಜಾಗವಿಲ್ಲದಷ್ಟು ಜನ. ಅತ್ತೆ ಮಾವನನ್ನು ಹೆಚ್ಚೂಕಡಿಮೆ ದೂಡಿಕೊಂಡೇ ವೇದಿಕೆಯ ಹತ್ತಿರ ಹೋದರು. ಬೋಧಕರು ಮಾವನ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು, ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಹಾಕಿಕೊಂಡು ಪ್ರಾರ್ಥಿಸಿದರು. ಅವರನ್ನು ನಾನು ದೂರುವುದಿಲ್ಲ, ಮನಸಾರೆ ಪ್ರಾರ್ಥಿಸಿದರು. ಆದರೆ ನಡುಗುವ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅದು ನಿಲ್ಲುತ್ತದೆ. ಅಂಗಡಿಯಲ್ಲಿ ಎಷ್ಟೋ ಸಲ ನಾನೇ ಹಾಗೆ ಹಿಡಿದು ನಿಲ್ಲಿಸಿದ್ದೇನೆ.

ಬೋಧಕರು ಬಿಟ್ಟ ಮೇಲೂ ಒಂದೆರಡು ಉಸಿರಿನಷ್ಟು ಹೊತ್ತು ಕೈ ಸುಮ್ಮನಿತ್ತು. ಅದು ನಿಜ, ನಾನೂ ನೋಡಿದೆ. ಅಷ್ಟರಲ್ಲಿ ಬೋಧಕರು ಮೈಕನ್ನು ಮಾವನ ಬಾಯಿಗೆ ಹಿಡಿದರು. "ಸಾಕ್ಷಿ ಹೇಳಿ ಬ್ರದರ್! ಕೈ ಏನಾಯ್ತು?"

ಮಾವ ಕೈಯನ್ನೇ ನೋಡುತ್ತಾ "ನಿಂತಿದೆ" ಎಂದರು.

ಆ ಒಂದು ಮಾತಿಗೆ ಸಭೆಗೆ ಸಭೆಯೇ ಎದ್ದು ನಿಂತಿತು. ಚಪ್ಪಾಳೆ, ಸ್ತೋತ್ರ, ಹಲ್ಲೆಲೂಯ. ಅತ್ತೆ ಬಿಕ್ಕಿ ಬಿಕ್ಕಿ ಅಳುತ್ತಾ ಅಕ್ಕಪಕ್ಕದವರನ್ನೆಲ್ಲ ತಬ್ಬಿಕೊಂಡರು. ಮಾವ ವೇದಿಕೆಯ ಮೆಟ್ಟಿಲು ಇಳಿಯುವಾಗ ನಾನು ಕೆಳಗೇ ನಿಂತಿದ್ದೆ. ಹೆಬ್ಬೆರಳು ಆಗಲೇ ಶುರುವಾಗಿತ್ತು. ಅವರು ನನ್ನ ಮುಖ ನೋಡಿದರು, ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು.

ಆಗಲೇ ಹೇಳಿಬಿಡಬಹುದಿತ್ತಲ್ಲ ಎಂದು ಈಗ ಸುಲಭವಾಗಿ ಅನ್ನಬಹುದು. ಅತ್ತೆ ಮನೆಗೆ ಬರುವ ದಾರಿಯುದ್ದಕ್ಕೂ ಮನೆಮನೆಗೆ ನಿಂತು ಹೇಳುತ್ತಾ ಬರುತ್ತಿದ್ದರು. ಹೆಂಡತಿಯ ಮುಖದಲ್ಲಿ ಅಂಥ ನಗು ನೋಡಿ ಎಷ್ಟು ದಿನವಾಗಿತ್ತೋ. ನಾಳೆ ಬೆಳಿಗ್ಗೆ ನಿಲ್ಲಬಹುದು ಎಂದುಕೊಂಡರಂತೆ ಮಾವ. ಬೆಳಿಗ್ಗೆ ನಿಲ್ಲಲಿಲ್ಲ. ನನ್ನ ನಂಬಿಕೆ ಸಾಲದು, ಸಂಜೆ ನಿಲ್ಲಬಹುದು ಎಂದುಕೊಂಡರು. ಸಂಜೆಯ ಹೊತ್ತಿಗೆ ಹೇಳುವ ಗಳಿಗೆ ದಾಟಿಹೋಗಿತ್ತು. ಆ ದಿನವೇ ಅಂಗಡಿಯಲ್ಲಿ ನಾನು "ಮಾವ, ನಿನ್ನೆ..." ಎಂದು ಬಾಯಿ ತೆಗೆದೆ. "ಬಾಯ್ಮುಚ್ಚು" ಎಂದರು. ನನಗೆ ಅವರು ಹಾಗೆ ಅಂದದ್ದು ಅದೇ ಮೊದಲು.

ಅತ್ತೆಗೆ ಗೊತ್ತಾಗಲಿಲ್ಲವೇ? ಒಂದೇ ಮನೆಯಲ್ಲಿದ್ದು ಗೊತ್ತಾಗದೆ ಇರುತ್ತದೆಯೇ? ಗುಂಡಿ ಹಾಕುವವರು ಅವರೇ. ಆದರೆ ಅತ್ತೆ ಅದಕ್ಕೂ ಒಂದು ವಿವರಣೆ ಹುಡುಕಿಕೊಂಡಿದ್ದರು. "ವಾಸಿ ಆಗಿದೆ ಕಣೇ. ಕೈಗೆ ಇನ್ನೂ ಗೊತ್ತಾಗಿಲ್ಲ ಅಷ್ಟೇ. ಹಳೇ ಅಭ್ಯಾಸ." ಇದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯದೆ ನಾನು ಪಾತ್ರೆ ತೊಳೆಯಲು ಎದ್ದುಹೋದೆ.

ಆಮೇಲಿನದು ಹೇಳಿಕೊಳ್ಳುವಂಥ ಕಾಲವಲ್ಲ. ಸಭೆಯಲ್ಲಿ ಮಾವನ ಹೆಸರೇ ಬದಲಾಗಿ ಸಾಕ್ಷಿ ಅಣ್ಣ ಎಂದಾಯಿತು. ಕೈಯೆತ್ತಿ ಸ್ತುತಿಸುವಾಗ ಎಲ್ಲರೂ ಎರಡು ಕೈ ಎತ್ತಿದರೆ ಮಾವ ಎಡಗೈ ಮಾತ್ರ ಎತ್ತುತ್ತಿದ್ದರು. ಬಲಗೈ ತೊಡೆಯ ಕೆಳಗೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಹಾಗೆ ಕಾಣುತ್ತಿದ್ದರು, ನನಗೆ ನೋಡಲಾಗದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಭಕ್ತಿಯಿಂದ ಮುಚ್ಚಿಕೊಂಡಿದ್ದೇನೆ ಎಂದು ಜನ ತಿಳಿದರು. ಅಂಗಡಿಗೆ ಗಾಜು ಬೇಕಾಗಿ ಬರುವವರಿಗಿಂತ ಕೈ ನೋಡಲು ಬರುವವರೇ ಹೆಚ್ಚಾದರು. ಭಾರದ್ದೇನಾದರೂ ಹಿಡಿದರೆ ನಡುಕ ಅಷ್ಟಾಗಿ ಕಾಣುವುದಿಲ್ಲ ಎಂದು ಮಾವ ಕಂಡುಕೊಂಡಿದ್ದರು. ಯಾರ ನೆರಳು ಬಾಗಿಲಿಗೆ ಬಿದ್ದರೂ ಗಲ್ಲಾದ ಪಕ್ಕದ ಕಬ್ಬಿಣದ ತುಂಡು ಅವರ ಕೈಗೆ ಹೋಗುತ್ತಿತ್ತು. ಮಾತ್ರೆ ತರಲು ನಮ್ಮ ಬೀದಿಯ ಔಷಧದಂಗಡಿ ಬಿಟ್ಟು ಬಸ್ ಹತ್ತಿ ಹೋಗುತ್ತಿದ್ದರು. ಕಳ್ಳಸಾಮಾನು ತರುವವರ ಹಾಗೆ ಒಳಜೇಬಿನಲ್ಲಿ ತರುತ್ತಿದ್ದರು.

ಒಂದು ದಿನ ಅಂಗಡಿಗೆ ಇಸ್ತ್ರಿ ಅಕ್ಕ ಬಂದಳು. ನಮ್ಮ ಸಭೆಯವಳೇ, ಬೀದಿಯ ಕೊನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಅವಳ ಗಂಡ ಲಾರಿ ಓಡಿಸುತ್ತಿದ್ದವನು. ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಗಿ, ಮಾತೂ ನಿಂತು, ಕಿಟಕಿ ಪಕ್ಕದ ಹಾಸಿಗೆಯಲ್ಲೇ ಇದ್ದ. ಬೋಧಕರ ಕೂಟಕ್ಕೆ ಅವನನ್ನೂ ಕುರ್ಚಿಯಲ್ಲಿ ಹೊತ್ತು ತಂದಿದ್ದರು. ಬೋಧಕರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಮುಂದೆ ಹೋಗಿದ್ದರು. ಏನೂ ಆಗಿರಲಿಲ್ಲ. ಅವತ್ತು ಆ ಕುರ್ಚಿಯ ಕಡೆ ಯಾರೂ ತಿರುಗಿ ನೋಡಲಿಲ್ಲ, ಎಲ್ಲರೂ ಮಾವನನ್ನು ನೋಡುತ್ತಿದ್ದರು.

ಕಿಟಕಿಯ ಗಾಜು ಒಡೆದಿದೆ ಎಂದು ಅಳತೆಗೆ ಗಂಟು ಹಾಕಿದ ದಾರ ತಂದಿದ್ದಳು. ದಾರವನ್ನು ಗಲ್ಲಾದ ಮೇಲಿಟ್ಟು ಮಾವನ ಕಡೆ ತಿರುಗಿದಳು.

"ಅಣ್ಣ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಹೇಗೆ ನಂಬಿದ್ರಿ?"

ಮಾವ ಕಬ್ಬಿಣದ ತುಂಡನ್ನು ಹಿಡಿದುಕೊಂಡರು. "ನಂಬಿಕೆ ಇಡಬೇಕಮ್ಮ, ಅಷ್ಟೇ."

"ಇಟ್ಟಿದ್ದೆ ಅಣ್ಣ. ನಾನೂ ಅಲ್ಲೇ ಇದ್ನಲ್ಲ. ಅದೇ ಪ್ರಾರ್ಥನೆ, ಅದೇ ದೇವರು. ನಿಮ್ಮದು ನಿಂತ್ಹೋಯ್ತು. ಇವರಿಗೆ ಮಾತು ಬರ್ಲಿಲ್ಲ. ಎಲ್ಲಿ ಕಮ್ಮಿ ಬಿತ್ತು ಅಂತ ನಿಮಗೆ ಗೊತ್ತಿರುತ್ತಲ್ಲ, ಹೇಳಿ. ನನ್ನಿಂದಾಗಿ ಅವರು ಹಾಗೆ ಬಿದ್ದಿದ್ದಾರೇನೋ ಅಂತ..." ಅಲ್ಲಿಗೆ ಅವಳ ದನಿ ಒಡೆಯಿತು. "ಪ್ರಭು ಭೋಜನದ ರೊಟ್ಟಿ, ರಸಾನೂ ತಗೊಳ್ತಿಲ್ಲ ಅಣ್ಣ. ತಟ್ಟೆ ಬಂದ್ರೆ ಪಕ್ಕದವರಿಗೆ ದಾಟಿಸಿಬಿಡ್ತೀನಿ. ನಂಬಿಕೆ ಇಲ್ದವಳು ಯಾವ ಮುಖ ಇಟ್ಕೊಂಡು ತಗೊಳ್ಳಲಿ?"

ಮಾವ ಬಾಯಿ ತೆಗೆದರು. ಈಗ ಹೇಳುತ್ತಾರೆ ಎಂದು ನಾನು ಕಟ್ಟರನ್ನು ಕೆಳಗಿಟ್ಟೆ. "ನೋಡೋಣಮ್ಮ, ದೇವರ ಸಮಯ ಬರಬೇಕು" ಎಂದರು. ಅಷ್ಟೇ ಹೇಳಿದರು. ಅವಳು ತಲೆಯಾಡಿಸಿ, ದಾರವನ್ನು ಅಲ್ಲೇ ಮರೆತು ಹೊರಟುಹೋದಳು.

ಮಾವ ಹಿಂದಿನ ಮೂಲೆಗೆ ಹೋದರು. ಅಲ್ಲಿ ಕನ್ನಡಿಗಳೇ ತುಂಬಿದ್ದವು, ಯಾವ ಕಡೆ ತಿರುಗಿದರೂ ಅವರದೇ ಮುಖ. ಕಡೆಗೆ ನೆಲದ ಮೇಲೆ ಕೂತು ಮಂಡಿಗೆ ಮುಖ ಒತ್ತಿಕೊಂಡರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈಯೋಣವೆಂದು ಹೋದೆ. ಭುಜ ಅಲುಗುವುದನ್ನು ನೋಡಿ ವಾಪಸ್ಸು ಬಂದು ಶೆಟರು ಅರ್ಧ ಎಳೆದೆ.

ಅದಾದ ಕೆಲವೇ ದಿನಕ್ಕೆ ನಮ್ಮ ಪಾಸ್ಟರ್ ಅಂಗಡಿಗೆ ಬಂದರು. ಚಿಕ್ಕ ವಯಸ್ಸಿನವರು, ಮೃದು ಸ್ವಭಾವ. ಪ್ರಭು ಭೋಜನದಲ್ಲಿ ಲೋಟದ ತಟ್ಟೆ ಹಿಡಿಯುತ್ತಿದ್ದ ಹಿರಿಯರು ಬೇರೆ ಕಡೆ ಮನೆ ಮಾಡಿಕೊಂಡು ಹೋಗಿದ್ದರು. "ಈ ಭಾನುವಾರದಿಂದ ತಟ್ಟೆ ನೀವೇ ಹಿಡಿಬೇಕು ಅಣ್ಣ. ದೇವರು ಮುಟ್ಟಿದ ಕೈ. ಸಭೆಗೂ ಆಸೆ ಇದೆ."

ತಟ್ಟೆಯ ವಿಷಯ ಹೇಳಬೇಕು. ಯೇಸುವಿನ ಕಡೆಯ ಊಟದ ನೆನಪಿಗೆ ಸಭೆಯವರೆಲ್ಲ ಚೂರು ರೊಟ್ಟಿ, ಗುಟುಕು ದ್ರಾಕ್ಷಾರಸ ತೆಗೆದುಕೊಳ್ಳುವುದೇ ಪ್ರಭು ಭೋಜನ. ದುಂಡನೆಯ ದೊಡ್ಡ ಸ್ಟೀಲ್ ತಟ್ಟೆ, ಅದರ ತುಂಬ ಗುಂಡು ತೂತುಗಳು, ಒಂದೊಂದು ತೂತಿನಲ್ಲೂ ಹೆಬ್ಬೆರಳಿನಷ್ಟು ಗಾಜಿನ ಲೋಟ, ಲೋಟದಲ್ಲಿ ದ್ರಾಕ್ಷಾರಸ. ಗಟ್ಟಿ ಕೈಯವರು ಹಿಡಿದರೂ ಕಿಣಿ ಎನ್ನುವ ವಸ್ತು. ಅದನ್ನು ಹಿಡಿದು ಎಲ್ಲರೂ ಮೌನವಾಗಿ ತಲೆ ತಗ್ಗಿಸಿ ಕೂತಿರುವಾಗ ಬೆಂಚಿನಿಂದ ಬೆಂಚಿಗೆ ಹೋಗಬೇಕು. ಮಾವ ಒಲ್ಲೆ ಎನ್ನಲು ಕಾರಣ ಹುಡುಕಿದರು. ಸಿಗಲಿಲ್ಲ. "ಆಯ್ತು ಪಾಸ್ಟರ್" ಎಂದರು.

ಶನಿವಾರ ಸಂಜೆ ಮೇಜಿನ ಹಳೆಯ ಹಸಿರು ಬಟ್ಟೆಯ ತುಂಡೊಂದನ್ನು ನನ್ನ ಮುಂದಿಟ್ಟರು. "ಇದರಲ್ಲಿ ಬಳೆ ಥರ ಸಣ್ಣ ಸಣ್ಣ ಸುತ್ತು ಕತ್ತರಿಸಿ ಕೊಡು. ತೂತಿನ ಒಳಗೆ ಕೂರ್ಸಿಬಿಟ್ರೆ ಲೋಟ ಅಲ್ಲಾಡಲ್ಲ, ಸದ್ದೂ ಬರಲ್ಲ."

ಸಾಗಿಸುವಾಗ ಗಾಜಿಗೆ ಗಾಜು ತಾಗಿ ಸದ್ದು ಮಾಡದಿರಲೆಂದು ನಾವು ನಡುವೆ ಬಟ್ಟೆ ತುರುಕುತ್ತೇವೆ. ಅದೇ ಉಪಾಯ. ಅವರ ಕೈಯಲ್ಲಿ ಕತ್ತರಿ ನಿಲ್ಲುವುದಿಲ್ಲ, ಹಾಗಾಗಿ ನಾನು ಬೇಕು. ನಾನು ಕತ್ತರಿಸಿದೆ. ಒಂದೊಂದು ಸುತ್ತಿಗೂ ಒಂದೊಂದು ಮಾತು ಗಂಟಲಿಗೆ ಬರುತ್ತಿತ್ತು, ನುಂಗುತ್ತಿದ್ದೆ. ಕಡೆಗೆ ಕತ್ತರಿ ಕುಕ್ಕಿದೆ.

"ಹೇಳಿಬಿಡಿ ಮಾವ."

"ಹೇಳಿದ್ರೆ ದೇವರ ಹೆಸರಿಗೆ ಕೆಟ್ಟದು ಪುಟ್ಟಿ. ಅಷ್ಟು ಜನ ಸ್ತೋತ್ರ ಹೇಳಿದ್ದಾರೆ."

"ದೇವರ ಹೆಸರಿಗೋ, ನಿಮ್ಮ ಹೆಸರಿಗೋ?"

 ಮಾವ ಹಸಿರು ಸುತ್ತೊಂದನ್ನು ತಿರುವಿ ನೋಡುತ್ತಾ "ಒಂದ್ಸಲ ಎಳೆದುಬಿಟ್ಟ ಗೀರು ಕಣೇ. ಮತ್ತೆ ಎಳೆಯೋಕಾಗಲ್ಲ" ಎಂದರು.

"ತಪ್ಪಿದ್ರೆ ಆ ಗಾಜು ಹೋಯ್ತು ಅಂತ ಒಪ್ಕೋಬೇಕು ಅಂತಲೂ ನೀವೇ ಹೇಳ್ಕೊಟ್ಟಿದ್ದು. ಅರ್ಧ ಪಾಠ ನನಗೆ, ಅರ್ಧ ಪಾಠ ನಿಮಗಾ?"

 ಗಲ್ಲಾದ ಮೇಲೆ ಇಸ್ತ್ರಿ ಅಕ್ಕ ಮರೆತುಹೋದ ದಾರ ಇನ್ನೂ ಬಿದ್ದಿತ್ತು. ಮಾವ ಅದನ್ನು ಎತ್ತಿಕೊಂಡು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತರು. ಕತ್ತರಿಸಿದ ಸುತ್ತುಗಳನ್ನು ನಾನೇ ಕಾಗದದಲ್ಲಿ ಕಟ್ಟಿ ಕೈಗೆ ಕೊಟ್ಟೆ.

ಭಾನುವಾರ ನಾವು ಎಲ್ಲರಿಗಿಂತ ಮೊದಲೇ ಹೋದೆವು. ತಟ್ಟೆ ಬಿಳಿ ಬಟ್ಟೆಯ ಮೇಜಿನ ಮೇಲಿತ್ತು, ಹತ್ತಿರ ಯಾರೂ ಇರಲಿಲ್ಲ. ಮಾವ ಪೊಟ್ಟಣ ಬಿಚ್ಚುವುದನ್ನು ನೋಡಿ ನಾನು ಹೊರಗೆ ಬಂದೆ. ಆ ಕೆಲಸವನ್ನು ನಿಂತು ನೋಡುವಷ್ಟು ಗಟ್ಟಿ ಮನಸ್ಸು ನನ್ನದಲ್ಲ.

ಆರಾಧನೆ ಶುರುವಾಯಿತು, ರೊಟ್ಟಿ ಹಂಚಿದ್ದಾಯಿತು. ಪಾಸ್ಟರ್ ಲೋಟಗಳಿಗಾಗಿ ಪ್ರಾರ್ಥಿಸಿ ಮಾವನ ಕಡೆ ನೋಡಿದರು. ಮಾವ ಎದ್ದುಹೋಗಿ ತಟ್ಟೆ ಎತ್ತಿದರು.

ಕಿಣಿ ಕಿಣಿ ಕಿಣಿ ಕಿಣಿ ಎಂದು ಸದ್ದು ಶುರುವಾಯಿತು.

ಬಟ್ಟೆ ಕೂರಿಸಲು ಯಾರೋ ಬಿಡಲಿಲ್ಲವೇನೋ ಎಂದುಕೊಂಡೆ.  ಆಮೇಲೆ ಅವರು ನಮ್ಮ ಬೆಂಚಿನ ಹತ್ತಿರ ಬಂದಾಗ ನೋಡಿದೆ. ಅಂಗಿಯ ಜೇಬು ಉಬ್ಬಿತ್ತು, ಮೇಲೆ ಹಸಿರು ಅಂಚು ಕಾಣುತ್ತಿತ್ತು. ಬಿಡದೇ ಇದ್ದದ್ದು ಯಾರೂ ಅಲ್ಲ. ಅವರೇ ಹಾಕಿರಲಿಲ್ಲ.

ತಗ್ಗಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ದ್ರಾಕ್ಷಾರಸ ತುಳುಕಿ ತಟ್ಟೆಗೆ, ಮಾವನ ಬಿಳಿ ಅಂಗಿಗೆ ಬೀಳುತ್ತಿತ್ತು. ಜನ ಲೋಟ ತೆಗೆದುಕೊಳ್ಳುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಅತ್ತೆ ಲೋಟ ತೆಗೆದುಕೊಂಡವರು ಕುಡಿಯದೆ ಹಾಗೇ ಹಿಡಿದು ಕೂತುಬಿಟ್ಟರು. ಪಾಸ್ಟರ್ ತಟ್ಟೆ ತೆಗೆದುಕೊಳ್ಳಲು ಹತ್ತಿರ ಬಂದರು. ಮಾವ ಬೇಡವೆಂದು ತಲೆಯಾಡಿಸಿದರು. ಅವರ ಕಿವಿ, ಕುತ್ತಿಗೆ ಎಲ್ಲ ಕೆಂಪಾಗಿತ್ತು. ಅಷ್ಟು ನಾಚಿಕೆಪಟ್ಟ ಮನುಷ್ಯನನ್ನು ನಾನು ಹಿಂದೆ ನೋಡಿಲ್ಲ, ಮುಂದೆ ನೋಡುವುದೂ ಬೇಡ.

ಕೊನೆಯ ಬೆಂಚಿನ ತುದಿಯಲ್ಲಿ ಇಸ್ತ್ರಿ ಅಕ್ಕ ಕೂತಿದ್ದಳು. ಮಾವ ಅವಳ ಮುಂದೆ ನಿಂತರು. ಅವಳು ಎಂದಿನಂತೆ ತಟ್ಟೆಯನ್ನು ದಾಟಿಸಲು ಕೈ ಮುಂದೆ ತಂದವಳು ತಟ್ಟೆಯನ್ನೇ ನೋಡುತ್ತಾ ಉಳಿದಳು.

"ತಗೊಳ್ಳಮ್ಮ."

"ನಂಗೆ ಯೋಗ್ಯತೆ ಇಲ್ಲ ಅಣ್ಣ" ಎಂದು ಪಿಸುಗುಟ್ಟಿದಳು.

"ನಂಗೂ ಇಲ್ಲ. ನೋಡ್ತಿದೀಯಲ್ಲ."

ಆಮೇಲೆ ಅಲ್ಲೇ ನಿಂತು, ಸಭೆಗೆ ಬೆನ್ನು ಹಾಕಿಯೇ, ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು. ತುಟಿ ಮಾತ್ರ ಅಲುಗಿಸಿ ಹಾಡುವ ಮನುಷ್ಯ. ಮೈಕು ಇರಲಿಲ್ಲ, ಲೋಟದ ಸದ್ದು ನಡುವೆ ನಡುವೆ ಬರುತ್ತಿತ್ತು.

"ಕೈ ನಿಂತಿಲ್ಲ. ಅವತ್ತು ಎರಡು ಉಸಿರು ನಿಂತಿತ್ತು, ನಾನು ನಿಂತಿದೆ ಅಂದ್ಬಿಟ್ಟೆ. ಆಮೇಲೆ ನಾಚಿಕೆಗೆ ಸುಮ್ನಾದೆ. ಈ ತಾಯಿ ನನ್ನ ಹತ್ರ ಬಂದು, ತನ್ನ ನಂಬಿಕೆ ಎಲ್ಲಿ ಕಮ್ಮಿ ಆಯ್ತು ಅಂತ ಕೇಳಿದ್ಲು. ಆಗ್ಲೂ ಹೇಳ್ಲಿಲ್ಲ. ಇವಳ ನಂಬಿಕೆ ಕಮ್ಮಿ ಅಲ್ಲ. ನನ್ನ ಸಾಕ್ಷಿ ಸುಳ್ಳು."

ಮಾವ ತಟ್ಟೆಯನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು ಮಾತು ಮುಂದುವರಿಸಿದರು.

"ದಿನಾ ಬೇಡ್ಕೋತಿದ್ದೆ, ತಂದೇ ಕೈ ನಿಲ್ಸು ಅಂತ. ನಿಲ್ಸಿಲ್ಲ. ಆದ್ರೆ ನಾನು ಮುಖ ಮುಚ್ಕೊಂಡು ಮೂಲೇಲಿ ಕೂತಾಗ್ಲೂ ಯೇಸು ನನ್ನ ಪಕ್ಕದಲ್ಲಿ ನಿಂತಿದ್ದ. ಇಂಥ ಸುಳ್ಳನ ಪಕ್ಕದಲ್ಲಿ. ಇವತ್ತೂ ನಿಂತಿದಾನೆ. ಇಲ್ದಿದ್ರೆ ಈ ತಟ್ಟೆ ಹಿಡ್ಕೊಂಡು ಇಲ್ಲಿವರೆಗೂ ಬರೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ನನ್ನ ಸಾಕ್ಷಿ ಇಷ್ಟೇ. ಕೈ ನಿಂತಿಲ್ಲ, ಅವನು ನಿಂತಿದಾನೆ." ಮತ್ತೆ ಅವಳ ಕಡೆ ನೋಡಿ, ಸಣ್ಣ ದನಿಯಲ್ಲಿ, "ಬೇಗ ತಗೊಳ್ಳಮ್ಮ, ಚೆಲ್ತಾ ಇದೆ" ಎಂದರು.

ಇಸ್ತ್ರಿ ಅಕ್ಕ ಒಂದು ಲೋಟ ತೆಗೆದುಕೊಂಡಳು. ಅರ್ಧ ಚೆಲ್ಲಿಹೋಗಿತ್ತು. ಉಳಿದದ್ದನ್ನು ಕುಡಿದಳು.

ಚಪ್ಪಾಳೆಗಿಪ್ಪಾಳೆ ಏನೂ ಇಲ್ಲ. ಆರಾಧನೆ ಮುಗಿದ ಮೇಲೆ ಎಷ್ಟೋ ಜನ ಮಾತಾಡಿಸದೆ ಹೋದರು. "ಸಭೆ ಮರ್ಯಾದೆ ತೆಗೆದ್ರಲ್ಲ" ಎಂದು ಯಾರೋ ನಮಗೆ ಕೇಳುವ ಹಾಗೇ ಅಂದರು. ಮಾವ ಬೆಂಚುಗಳನ್ನು ನೇರ ಮಾಡುತ್ತಿದ್ದರು. ಪಾಸ್ಟರ್ ಬಂದು ಇನ್ನೊಂದು ತುದಿ ಹಿಡಿದರು. "ನಾನು ಕೈ ನೋಡಿ ಕೇಳಬೇಕಿತ್ತು ಅಣ್ಣ. ಸಾಕ್ಷಿ ಕೇಳಿದ ಖುಷೀಲಿ ಕೈ ನೋಡ್ಲೇ ಇಲ್ಲ" ಎಂದರು. ಅವರ ಮುಖವೂ ಸಣ್ಣಗಾಗಿತ್ತು.

ಅತ್ತೆ ಮನೆಗೆ ಬರುವಾಗ ನಮ್ಮಿಂದ ಮುಂದೆ ಮುಂದೆ ನಡೆದರು. ಯಾರ ಮನೆಯ ಮುಂದೆಯೂ ನಿಲ್ಲಲಿಲ್ಲ. ಅಂಗಿಯ ಕಲೆ ಉಜ್ಜಿ ಉಜ್ಜಿ ತೊಳೆದರು, ಅದು ಹೋಗಲಿಲ್ಲ. ಕಡೆಗೆ ಒದ್ದೆ ಅಂಗಿಯನ್ನು ಹಿಡಿದುಕೊಂಡೇ ಅತ್ತರು. "ನನಗಾದ್ರೂ ಹೇಳಬಾರದಿತ್ತಾ? ನಾನೇ ಕೇಳಿಸ್ಕೊಳ್ತಿರ್ಲಿಲ್ಲ ಬಿಡಿ" ಎಂದು ಪ್ರಶ್ನೆಯನ್ನೂ ಉತ್ತರವನ್ನೂ ಅವರೇ ಹೇಳಿಕೊಂಡರು. ಮಾರನೆಯ ಬೆಳಿಗ್ಗೆ ಮಾವನ ಗುಂಡಿ ಹಾಕುವಾಗ ಕೋಣೆಯ ಬಾಗಿಲು ತೆರೆದೇ ಇತ್ತು. ನಾನು ಹಾದುಹೋದೆ, ಇಬ್ಬರೂ ತಿರುಗಿ ನೋಡಲಿಲ್ಲ.

ನಾಚಿಕೆ ಹೋಯಿತು ಎಂದು ಹೇಳಿದರೆ ನಾನೂ ಸುಳ್ಳು ಸಾಕ್ಷಿ ಹೇಳಿದ ಹಾಗೆ. ಅದು ಹೋಗಲಿಲ್ಲ. ದಾರಿಯಲ್ಲಿ ಸಭೆಯವರು ಎದುರಾದರೆ ಮಾವನ ತಲೆ ತಾನಾಗಿ ತಗ್ಗುತ್ತಿತ್ತು. ಆದರೆ ಹೆದರಿಕೆ ಹೋಗಿತ್ತು. ನಾಚಿಕೆ ಮತ್ತು ಹೆದರಿಕೆ ಬೇರೆಬೇರೆ ಎಂದು ನನಗೆ ತಿಳಿದದ್ದು ಆಗಲೇ. ಕಬ್ಬಿಣದ ತುಂಡು ಗಲ್ಲಾದ ಕೆಳಗೆ ಹೋಯಿತು. ಮಾತ್ರೆ ನಮ್ಮ ಬೀದಿಯ ಅಂಗಡಿಯಿಂದಲೇ ಬಂತು. ಗಿರಾಕಿಗಳಿಗೆ "ನನ್ನ ಕೈ ನಡುಗುತ್ತೆ, ಕೊಯ್ಯೋದು ಇವಳು, ನನಗಿಂತ ಚೆನ್ನಾಗಿ ಕೊಯ್ತಾಳೆ" ಎಂದರು. ಕಡೆಯ ಮಾತು ಸುಳ್ಳು, ಅದನ್ನು ನಾನು ಹೊಟ್ಟೆಗೆ ಹಾಕಿಕೊಂಡೆ. ಬೆಳಗಿನ ಪ್ರಾರ್ಥನೆಯೂ ಬದಲಾಯಿತು. ನಿಲ್ಸು ಎನ್ನುವುದನ್ನು ಅವರು ಬಿಡಲಿಲ್ಲ, ಕೇಳುವುದರಲ್ಲಿ ತಪ್ಪೇನಿದೆ? ಆದರೆ ಅದಾದ ಮೇಲೆ "ನಿಲ್ಲಿಸದಿದ್ರೂ ನೀನು ಇದ್ದೀಯಲ್ಲ, ಸಾಕು" ಎಂದು ಸೇರಿಸುತ್ತಿದ್ದರು.

ಅದೇ ವಾರ ಇಸ್ತ್ರಿ ಅಕ್ಕನ ದಾರ ಹಿಡಿದು ಅಳತೆ ಮಾಡಿ ನಾನು ಗಾಜು ಕೊಯ್ದೆ. ಸಂಜೆ ಇಬ್ಬರೂ ಹೋದೆವು. ಕಿಟಕಿಗೆ ಗಾಜು ಕೂರಿಸುವುದು ನನ್ನ ಕೆಲಸ, ಬೇಡವೆಂದರೂ ಬಂದ ಮಾವನಿಗೆ ಮಾಡಲು ಕೆಲಸವಿರಲಿಲ್ಲ. ಅಕ್ಕನ ಗಂಡನ ಹಾಸಿಗೆಯ ಅಂಚಿನಲ್ಲಿ ಕೂತರು. ಅವನಿಗೆ ಮಾತು ಬರುವುದಿಲ್ಲ, ಇವರಿಗೆ ಮಾತಾಡಲು ಬರುವುದಿಲ್ಲ. ಇಬ್ಬರೂ ಸುಮ್ಮನೆ ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿದ್ದರು. ಮಾವನ ಬಲಗೈ ಹೊದಿಕೆಯ ಮೇಲೆ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ. ನಂತರ ತನ್ನ ಎಡಗೈ ಚಾಚಿ ಅದನ್ನು ಹಿಡಿದುಕೊಂಡ. ವರ್ಷಗಟ್ಟಲೆ ಲಾರಿಯ ಸ್ಟೇರಿಂಗ್ ಹಿಡಿದ ಕೈ, ಬಲವಾದ ಹಿಡಿತ.

ನಡುಕ ನಿಂತಿತು.

ಇಸ್ತ್ರಿ ಅಕ್ಕ ನೋಡಿದಳು, ನಾನೂ ನೋಡಿದೆ.  ಮಾವ ತಮ್ಮ ಕೈಯನ್ನು ನೋಡಿಕೊಂಡರು, ನಮ್ಮಿಬ್ಬರನ್ನೂ ನೋಡಿದರು.

"ನಿಂತಿದೆ" ಎಂದರು. ಆಮೇಲೆ, "ದಯವಿಟ್ಟು ಯಾರ ಹತ್ರಾನೂ ಹೇಳ್ಬೇಡಿ."

ಮೊದಲು ನಕ್ಕವನು ಹಾಸಿಗೆಯಲ್ಲಿದ್ದವನು. ಮಾತು ಹೋದ ಗಂಟಲಿನಿಂದ ಗೊಗ್ಗರು ಗೊಗ್ಗರಾಗಿ ನಗು ಬಂತು. ಅವನು ಹಾಸಿಗೆ ಹಿಡಿದ ಮೇಲೆ ಆ ಮನೆಯಲ್ಲಿ ಅವನ ದನಿ ಕೇಳಿದ್ದು ಅದೇ ಮೊದಲಂತೆ. ಇಸ್ತ್ರಿ ಅಕ್ಕ ನಗುತ್ತಾ ಅಳುತ್ತಾ ಗೋಡೆ ಹಿಡಿದು ಕೂತಳು. ಸಾಕಷ್ಟು ಹೊತ್ತಾದ ಮೇಲೆ ಅವನು ಹಿಡಿತ ಬಿಟ್ಟ. ಕೈ ಮತ್ತೆ ನಡುಗತೊಡಗಿತು. ಮಾವ ಅದನ್ನು ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ಹೊದಿಕೆಯ ಮೇಲೆ ಬಿಟ್ಟರು.